ನಾದಕ್ಕೆ ಆಸರೆಯಾದ ಅರಸರು: ಶ್ರೀ ಜಯಚಾಮರಾಜ ಒಡೆಯರ್



ಶತಮಾನೋತ್ಸವದ ಈ ಶುಭವೇಳೆಯಲ್ಲಿ ದೇವಾಲಯವನ್ನು ಕಟ್ಟಿದವರನ್ನು ಸ್ಮರಿಸುವುದು ವಾಡಿಕೆ. ಆದರೆ ಹಾಡಿದವರ ಹಿಂದೆ ನಿಂತು ಹಾಡಿಸಿದವರನ್ನು ನಾವು ನೆನೆಯುವುದು ಅಪರೂಪ. ಹಾಗೆ ಮರೆಯಲ್ಲಿ ನಿಂತು ಸಂಗೀತಕ್ಕೆ ನೆರವಾದ ಮಹನೀಯರೊಬ್ಬರು ನಮ್ಮ ನಾಡಿನ ಸಿಂಹಾಸನದಲ್ಲೇ ಇದ್ದರು. ಅವರೇ ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರ್.

ಅವರು ಜನಿಸಿದ್ದು 1919ರ ಜುಲೈ 18ರಂದು. 1933ರಲ್ಲಿ ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಅಸ್ತಿಭಾರ ಹಾಕಿದ ನಾಲ್ವಡಿ ಕೃಷ್ಣರಾಜ ಒಡೆಯರು ಇವರ ದೊಡ್ಡಪ್ಪ. ಅರಮನೆಯಲ್ಲಿ ಕರ್ನಾಟಕ ಸಂಗೀತದ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜರ್ಮನಿಯ ಆಟೋ ಸ್ಮಿತ್ ಅದರ ನಿರ್ದೇಶಕರಾಗಿದ್ದರು. ಒಡೆಯರ ಸಹೋದರಿ ವಿಜಯಾದೇವಿಯವರಿಗೆ ಪಿಯಾನೋ ಕಲಿಸಿದವರು ಗುಡ್ ಶೆಫರ್ಡ್ ಕಾನ್ವೆಂಟಿನ ಸನ್ಯಾಸಿನಿ, ಸಿಸ್ಟರ್ ಇಗ್ನೇಷಿಯಸ್.

ಯುವರಾಜರಿಗೂ ಪಿಯಾನೋ ವಾದಕರಾಗಿ ಕಚೇರಿ ನಡೆಸಬೇಕೆಂಬ ಹಂಬಲವಿತ್ತು. ಆದರೆ 1940ರ ಮಾರ್ಚಿಯಲ್ಲಿ ತಂದೆಯವರೂ ಆಗಸ್ಟಿನಲ್ಲಿ ದೊಡ್ಡಪ್ಪನವರೂ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲೇ ರಾಜ್ಯಭಾರ ಹೆಗಲೇರಿತು. ಹಂಬಲ ಹಂಬಲವಾಗಿಯೇ ಉಳಿಯಿತು.

ಅದಕ್ಕಾಗಿ ಅವರು ಕಹಿಗೊಳ್ಳಲಿಲ್ಲ. ತಾವು ನುಡಿಸಲಾಗದ್ದನ್ನು ಇತರರಿಂದ ನುಡಿಸಿದರು. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಸಂಗೀತ ರಚನಕಾರರು ಲಂಡನ್ನಿನಲ್ಲಿ ಅನಾರೋಗ್ಯದಿಂದ ಬಳಲುತ್ತ, ಲೋಕದ ಮರೆವಿಗೆ ಸಲ್ಲುತ್ತಿದ್ದರು. ಅವರ ಕೃತಿಗಳು ಉಳಿಯಲೆಂದು ಒಡೆಯರು ಧನಸಹಾಯ ನೀಡಿ ಮೆಟ್ನರ್ ಸಂಘವು ಸ್ಥಾಪನೆಯಾಗುವಂತೆ ಮಾಡಿದರು. ಅದರ ಫಲವಾಗಿ ಮೆಟ್ನರರ ಮೂರು ಪಿಯಾನೋ ಕಾನ್ಚರ್ಟೊಗಳೂ ಅವರದೇ ಕೈಯಿಂದ, ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಧ್ವನಿಮುದ್ರಣಗೊಂಡವು. ಮೂರನೆಯದನ್ನು ಮೆಟ್ನರ್ ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ಕಣ್ಮುಚ್ಚಿದಾಗ ಅವರ ನಾದವು ಉಳಿದುಕೊಂಡಿತ್ತು.

1948ರಲ್ಲಿ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಚೇರಿ ಸಂಘದ ಪ್ರಥಮ ಅಧ್ಯಕ್ಷರಾದರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ, ಆಗಷ್ಟೇ ಗತಿಸಿದ್ದ ರಿಚರ್ಡ್ ಸ್ಟ್ರಾಸರ ಅಂತಿಮ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯವೃಂದವನ್ನು ನಿರ್ದೇಶಿಸಿದವರು ಗೀತನಾಟಕಗಳಲ್ಲಿಯೂ ಹೆಸರಾಂತ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಕಚೇರಿಗೆ ಒಡೆಯರ ಆರ್ಥಿಕ ಬೆಂಬಲವಿತ್ತು. ಸಭೆಯಲ್ಲಿ ಅವರಿರಲಿಲ್ಲ, ಧ್ವನಿಮುದ್ರಿಕೆ ಮಾತ್ರ ಕಡಲು ದಾಟಿ ಮೈಸೂರಿಗೆ ಬಂದಿತು.

ಪರದೇಶದ ಸಂಗೀತವನ್ನು ಪ್ರೀತಿಸಿದವರು ಸ್ವಂತ ನೆಲದ್ದನ್ನು ತೊರೆಯಲಿಲ್ಲ. ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. 1947ರಲ್ಲಿ ಸಂಸ್ಥಾನವನ್ನು ಭಾರತ ಒಕ್ಕೂಟಕ್ಕೆ ಸೇರಿಸಿ, ಮುಂದೆ ಮೈಸೂರು ಮತ್ತು ಮದರಾಸು ರಾಜ್ಯಗಳ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1974ರ ಸೆಪ್ಟೆಂಬರ್ 23ರಂದು ನಿಧನರಾದರು.

ಶುಭಸಂದೇಶದ ಸಾಮತಿಯೊಂದರಲ್ಲಿ ಸೇವಕನೊಬ್ಬನು ತನಗೆ ದೊರೆತ ತಲೆಂತನ್ನು ಮಣ್ಣಿನಲ್ಲಿ ಹೂತಿಟ್ಟನು. ಒಡೆಯರು ಹಾಗೆ ಮಾಡಲಿಲ್ಲ. ತಮಗೆ ಅರಳಿಸಲು ಆಗದ್ದನ್ನು ಪರರ ಕೈಯಲ್ಲಿ ಅರಳಿಸಿದರು. ನಮ್ಮ ಹೇರೋಹಳ್ಳಿಯ ಬಂಧುಗಳೆಲ್ಲರೂ ಗಾಯಕರಲ್ಲ. ಆದರೆ ಬಲಿಪೂಜೆಯಲ್ಲಿ ಹಾಡುವ ಮಗುವಿಗೆ ಒಂದು ಗೀತಪುಸ್ತಕವನ್ನೋ, ಕಲಿಸುವ ಗುರುವನ್ನೋ, ಒಂದು ಹಾರ್ಮೋನಿಯಂ ಅನ್ನೋ ಒದಗಿಸುವುದು ಯಾರಿಗೂ ಅಸಾಧ್ಯವಲ್ಲ. ಮರೆಯಲ್ಲಿ ನಿಂತು ನೀಡಿದ ಅಂಥ ನೆರವನ್ನು ಎಲ್ಲವನ್ನೂ ಆಲಿಸುವ ಪ್ರಭು ಮರೆಯುವುದಿಲ್ಲ.