ಇಂಗ್ಲಿಷ್ ಪ್ರಾಧ್ಯಾಪಕರ ಕನ್ನಡ: ಆಚಾರ್ಯ ಬಿ.ಎಂ.ಶ್ರೀ.

ನಮ್ಮ ಶಾಲೆಯ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಬೆಳಕನ್ನು ಕರೆದು ಹಾಡುವ ಗೀತೆ ಮೂಲತಃ ಆಂಗ್ಲ ಕವಿ ನ್ಯೂಮನ್ನನದು ಎಂದರೆ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಅಚ್ಚರಿಯಾದೀತು. ಅದನ್ನು ಕನ್ನಡದ್ದೇ ಆಗಿಸಿದವರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು.

ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ 1884ರ ಜನವರಿ 3ರಂದು ಜನಿಸಿದ ಅವರು, ಮದರಾಸಿನಲ್ಲಿ ಉನ್ನತ ವ್ಯಾಸಂಗ ಮುಗಿಸಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಕನ್ನಡ ನಾಡು ಆಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಇಂಗ್ಲಿಷ್ ಕಲಿತವರಿಗೆ ಕನ್ನಡದಲ್ಲಿ ಬರೆಯುವುದೆಂದರೆ ಸಂಕೋಚ. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಇಪ್ಪತ್ತೇಳರ ಈ ತರುಣ ಮಾಡಿದ ಭಾಷಣ ಅಂಥವರನ್ನೇ ಉದ್ದೇಶಿಸಿದ್ದಿತು. ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಲು ವರ್ಗಾವಣೆ ಪತ್ರ ಕೇಳಿ ಬರುವ ಪೋಷಕರೆದುರು ಕುಳಿತಾಗಲೆಲ್ಲ ನನಗೆ ಆ ಭಾಷಣದ ನೆನಪಾಗುತ್ತದೆ.

1926ರಲ್ಲಿ ಪ್ರಕಟವಾದ ಇಂಗ್ಲಿಷ್ ಗೀತಗಳು ಆದಿಪ್ರಾಸದ ಕಟ್ಟನ್ನು ಸಡಿಲಿಸಿ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆಯಿತು. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು, ಕುವೆಂಪು ಅದರ ಮೊದಲ ತಂಡದವರು.

ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಅವರ ನಾಟಕಗಳ ಬಳಿ. ರನ್ನನ ಕಾವ್ಯವನ್ನೇ ರಂಗಕ್ಕೆ ಅಳವಡಿಸಿದ ಗದಾಯುದ್ಧ ನಾಟಕದಲ್ಲಿ ದುರ್ಯೋಧನನು ಗ್ರೀಕರ ದುರಂತ ನಾಯಕನ ಗಾಂಭೀರ್ಯವನ್ನು ಪಡೆದನು. ಸಾಫೊಕ್ಲಿಸನ ಏಜಾಕ್ಸ್ ನಾಟಕವನ್ನು ಆಧರಿಸಿದ ಅಶ್ವತ್ಥಾಮನ್ ಕೃತಿಯಲ್ಲಿ ಚಿರಂಜೀವಿಯೆಂದು ನಂಬಿದ್ದವನೇ ಸಾಯುವನು. ಆಕ್ಷೇಪಗಳು ಬಾರದೆ ಇರಲಿಲ್ಲ. ತಿಳಿಗನ್ನಡವನ್ನು ಬಯಸಿದವರೇ ಈ ಎರಡನ್ನೂ ಹಳಗನ್ನಡದಲ್ಲಿ ಬರೆದರೆಂಬುದು ಶಿಕ್ಷಕಿಯಾದ ನನಗೆ ಇಂದಿಗೂ ತುಸು ಕೊರಗೇ. 1935ರ ಪಾರಸಿಕರು ಈಸ್ಕಿಲಸನ ನಾಟಕದ ಅನುವಾದ. ಮ್ಯಾರಥಾನಿನಲ್ಲಿ ಪಾರಸಿಕರ ವಿರುದ್ಧ ಸ್ವತಃ ಕಾದಿದ್ದ ಆ ಗ್ರೀಕ್ ಕವಿ, ತನ್ನವರ ಜಯಘೋಷವನ್ನು ಬಿಟ್ಟು ಸೋತ ಶತ್ರುವಿನ ಅರಮನೆಯ ಗೋಳನ್ನು ರಂಗಕ್ಕೆ ತಂದನು. ಮನೆಯಲ್ಲೊಂದು, ಬೀದಿಯಲ್ಲೊಂದು ನುಡಿಯಾಡುತ್ತ ಬೆಳೆಯುವ ನಮ್ಮ ಗಡಿನಾಡಿನ ಮಕ್ಕಳಿಗೆ ಶ್ರೀಯವರ ಕೃತಿಗಳಲ್ಲಿ ಒಂದನ್ನೇ ಆರಿಸಿ ಕೊಡಬೇಕಾದರೆ ನಾನು ಇದನ್ನೇ ಆರಿಸುವೆನು.

1928ರಲ್ಲಿ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮುಂದೆ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಕಾವ, ಜಾಣ ಪರೀಕ್ಷೆಗಳಿಗೆ ನಾಂದಿ ಹಾಡಿದರು. ಆ ಪರೀಕ್ಷೆಗಳಿಗೆ ಲಾಟೀನಿನ ಬೆಳಕಿನಲ್ಲಿ ಓದಿದ ಕಥೆಯನ್ನು ನಮ್ಮ ಶಾಲೆಯ ಹಿರಿಯ ಗುರುಗಳು ಹೇಳುತ್ತಿದ್ದುದುಂಟು.

ನಿವೃತ್ತಿಯ ಬಳಿಕ ಶ್ರೀಯವರು ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿ ಹೋದರು. ತಾರುಣ್ಯದಲ್ಲಿ ಕನ್ನಡದ ಪರವಾಗಿ ದನಿಯೆತ್ತಿದ್ದ ಆ ಊರಿನಲ್ಲಿಯೇ 1946ರ ಜನವರಿ 5ರಂದು ತೀರಿಕೊಂಡರು. ಏಕೀಕರಣಕ್ಕೆ ಇನ್ನೂ ಹತ್ತು ವರ್ಷಗಳಿದ್ದವು.