ದಳವಾಯಿ ದೇವರಾಜಯ್ಯ

ದಳವಾಯಿ ದೇವರಾಜಯ್ಯ (ಮರಣ: 1758) ಮೈಸೂರು ಸಂಸ್ಥಾನದ ಸೇನಾಧಿಪತಿಯಾಗಿದ್ದವರು, ನಂಜನಗೂಡು ಬಳಿಯ ಕಳಲೆ ಮನೆತನದವರು. 1734ರಲ್ಲಿ ಏಳನೆಯ ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಬಾಲಕ ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ ಬಳಿಕ ರಾಜ್ಯಾಧಿಕಾರವೆಲ್ಲ ಈ ಮನೆತನದ ಕೈಸೇರಿತು. ಮರುವರ್ಷ ನಂಜನಗೂಡಿನಲ್ಲಿ ಕಪಿಲಾ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಕೊನೆಗಾಲದಲ್ಲಿ ತಮ್ಮ ನಂಜರಾಜಯ್ಯನೊಡನೆ ವಿರಸ ಬೆಳೆದು ಸತ್ಯಮಂಗಲಕ್ಕೆ ತೆರಳಿದರು. ರಾಜಿಯಾಗಿ ಶ್ರೀರಂಗಪಟ್ಟಣಕ್ಕೆ ಮರಳಿದ ಕೆಲವೇ ದಿನಗಳಲ್ಲಿ ನಿಧನರಾದರು.

ಅರಸನನ್ನೇ ಇಳಿಸಿದ ಈ ದಳವಾಯಿಯ ಹೆಸರು ಇಂದು ಜನರ ಬಾಯಲ್ಲಿ ಉಳಿದಿರುವುದು ಸೇತುವೆಯಿಂದಲೇ. ಮುಂದೆ ಮೈಸೂರು–ನಂಜನಗೂಡು ಮೀಟರ್ ಗೇಜ್ ಹಳಿಯನ್ನು, ರೈಲನ್ನೇ ಕಾಣದ ಕಾಲದ ಆ ಕಮಾನುಗಳ ಮೇಲೆಯೇ ಹಾಸಲಾಯಿತು. ಊರಿನ ಹಳೆಯ ರೈಲು ಛಾಯಾಚಿತ್ರಗಳಲ್ಲಿ ಕಾಣುವ, ರಸ್ತೆಯೂ ಹಳಿಯೂ ಜೊತೆಜೊತೆಯಾಗಿ ಸಾಗುವ ಸೇತುವೆ ಇದೇ. 2007ರವರೆಗೂ ಇದರ ಮೇಲೆ ರೈಲುಗಳು ಸಂಚರಿಸಿದವು.