ಮಕ್ಕಳನ್ನು ಕುಣಿಸಿದ ಕಾರಂತರು

ಶಿವರಾಮ ಕಾರಂತರೆಂದರೆ ನಮಗೆ ‘ಚೋಮನ ದುಡಿ’, ‘ಮೂಕಜ್ಜಿಯ ಕನಸುಗಳು’ ನೆನಪಾಗುತ್ತವೆ. ಅವರು ತಾವೂ ಕುಣಿದು ಮಕ್ಕಳನ್ನೂ ಕುಣಿಸಿದವರು ಎಂಬ ಸಂಗತಿ ಶಿಕ್ಷಕರಾಗಲು ಹೊರಟ ನಮಗೆ ಇನ್ನೂ ಹತ್ತಿರದ್ದು.

1902ರ ಅಕ್ಟೋಬರ್ 10ರಂದು ಉಡುಪಿ ಸಮೀಪದ ಕೋಟದಲ್ಲಿ ಹುಟ್ಟಿದರು. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು ಮತ್ತೆ ಅತ್ತ ಹೋಗಲಿಲ್ಲ. ಖಾದಿ, ಪತ್ರಿಕೆ, ನಾಟಕ ಎಂದು ಸುತ್ತಾಡಿ ಪುತ್ತೂರಿನಲ್ಲಿ ನೆಲೆ ನಿಂತರು. ಅಲ್ಲಿಯ ಶಾಲಾ ಮಕ್ಕಳಿಗೆ ನಾಟಕ, ನೃತ್ಯ ಕಲಿಸಿದರು. ಹಾಗೆ ಕಲಿತವರಲ್ಲಿ ಒಬ್ಬರಾದ ಲೀಲಾ ಅವರನ್ನು 1936ರಲ್ಲಿ ಮದುವೆಯಾದರು. ಜಾತಿ ಬೇರೆ, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಊರಂಚಿನ ಗುಡ್ಡದ ಮೇಲಿನ ತಮ್ಮ ನೆಲೆಗೆ ಬಾಲವನ ಎಂದೇ ಹೆಸರಿಟ್ಟು, ಮಕ್ಕಳ ಶಿಕ್ಷಣದಲ್ಲಿ ಪ್ರಯೋಗಗಳಿಗೆ ಇಳಿದರು. ಮಕ್ಕಳಿಗೆಂದು ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದವರೂ ಅವರೇ.

ಆದರೆ ಅವರ ದೊಡ್ಡ ಸಾಹಸ ಯಕ್ಷಗಾನದ್ದು. ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಪಾತ್ರಧಾರಿಗಳ ಮಾತನ್ನೇ ತೆಗೆದುಹಾಕಿದರು. ಹಾಡು, ತಾಳ, ಹೆಜ್ಜೆ, ಮುಖಭಾವಗಳೇ ಕಥೆ ಹೇಳಬೇಕು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದರು. ಸಂಪ್ರದಾಯಸ್ಥರು ಸಿಟ್ಟಾದರು, ಅರ್ಥಗಾರಿಕೆಯಿಲ್ಲದ ಯಕ್ಷಗಾನ ಯಕ್ಷಗಾನವೇ ಅಲ್ಲ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲವೆಂದೇನೂ ನಾನು ಹೇಳಲಾರೆ. ಕಾರಂತರು ಮಾತ್ರ ಹಿಂದೆ ಸರಿಯಲಿಲ್ಲ.

ಮಾತು ತೆಗೆದ ಮೇಲೂ ಹೆಜ್ಜೆಯಲ್ಲಿ ಅರ್ಥ ಉಳಿಯುತ್ತದೆಯೇ? ನಮ್ಮ ಅಭ್ಯಾಸ ಬೋಧನೆಯಲ್ಲೂ ಇದೇ ಪ್ರಶ್ನೆ ಕೇಳಿಕೊಳ್ಳಬೇಕು. ಕುಣಿಯುತ್ತ ಮಗ್ಗಿ ಹೇಳಿಸಿದರೆ ಮಕ್ಕಳಿಗೆ ಖುಷಿ, ಆದರೆ ಗಣಿತವಿರುವುದು ಬಾಯಲ್ಲಿ, ಕಾಲಲ್ಲಲ್ಲ. ಮಕ್ಕಳನ್ನು ಎರಡು ಸಾಲು ಮಾಡಿ, ಒಂದೇ ಲಯದಲ್ಲಿ ನಡೆಸಿ ನೋಡಿ. ಒಂದು ಸಾಲು ಮೂರು ಹೆಜ್ಜೆಗೊಮ್ಮೆ ಚಪ್ಪಾಳೆ ತಟ್ಟಲಿ, ಇನ್ನೊಂದು ನಾಲ್ಕು ಹೆಜ್ಜೆಗೊಮ್ಮೆ. ಹನ್ನೆರಡನೆಯ ಹೆಜ್ಜೆಗೆ ಎರಡೂ ಚಪ್ಪಾಳೆ ಕೂಡುತ್ತವೆ, ಮತ್ತೆ ಇಪ್ಪತ್ನಾಲ್ಕಕ್ಕೆ. ಲ.ಸಾ.ಅ. ಎಂಬ ಹೆಸರನ್ನು ಆಮೇಲೆ ಹಲಗೆಯ ಮೇಲೆ ಬರೆದರಾಯಿತು. ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳಿಗೆ ಲಯ ಹೊಸದಾಗಿ ಕಲಿಸಬೇಕಿಲ್ಲ; ಅಲಾಯಿ ಕುಣಿತ, ಕೋಲಾಟ ನೋಡಿಯೇ ಬೆಳೆದಿರುತ್ತಾರೆ. ಗದ್ದಲವಾಗುತ್ತದೆ, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಡಿ.

ಎಪ್ಪತ್ತು ದಾಟಿದ ಮೇಲೂ ಕಾರಂತರು ಕಲಾವಿದರನ್ನು ಕಟ್ಟಿಕೊಂಡು ಹೊರದೇಶಗಳಲ್ಲಿ ಈ ಮಾತಿಲ್ಲದ ಯಕ್ಷಗಾನ ಆಡಿಸಿದರು. ಕನ್ನಡವೇ ಬಾರದ ಜನ ಕೂತು ನೋಡಿದರು. 1997ರ ಡಿಸೆಂಬರ್ 9ರಂದು ತೀರಿಕೊಂಡಾಗ ಅವರಿಗೆ 95 ವರ್ಷ.